ಕೊಟ್ಟಿಗೆಯಲ್ಲಿ ನಿಂತ ಅಜ್ಜನ ಅಂಬಾಸಿಡರ್: ಮತ್ತೆ ರಸ್ತೆಗಿಳಿಸುವ ಕ್ರಮ

ಹತ್ತು ಹದಿನೈದು ಮಳೆಗಾಲ ಕೊಟ್ಟಿಗೆಯ ಬದಿಯಲ್ಲೇ ಕಳೆದು, ಬೆನ್ನ ಮೇಲೆ ಅಡಿಕೆ ಗೋಣಿ ಹೊತ್ತ ಅಂಬಾಸಿಡರ್ ಕಾಸರಗೋಡಿನ ಕಡೆ ಅಪರೂಪವೇನಲ್ಲ. ಅಜ್ಜನ ಗಾಡಿ, ಗುಜರಿಗೆ ಹಾಕಲು ಮನಸ್ಸಿಲ್ಲ. ಹೊರಗೆ ತೆಗೆಯಲು ಹೊರಟವರು ಸಾಮಾನ್ಯವಾಗಿ ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯುತ್ತಾರೆ. ಎಂಜಿನ್ ಎದ್ದರೆ ಆ ಖುಷಿಯಲ್ಲೇ ಗಾಡಿಯನ್ನು ಪೈಂಟಿಂಗಿಗೆ ಬಿಡುತ್ತಾರೆ. ಎರಡೂ ತಪ್ಪು. ಈ ಗಾಡಿಯಲ್ಲಿ ಮೊದಲು ಸಾಯುವುದು ತಳ, ಆಮೇಲೆ ಬ್ರೇಕ್. ಎಂಜಿನ್ ಎಲ್ಲದಕ್ಕಿಂತ ಗಟ್ಟಿ. ಆದ್ದರಿಂದ ದಾಖಲೆ, ತಳ, ಬ್ರೇಕ್, ಪೆಟ್ರೋಲ್ ದಾರಿ, ವೈರಿಂಗ್, ಎಂಜಿನ್, ಕಟ್ಟಕಡೆಗೆ ಬಣ್ಣ ಎಂಬ ಕ್ರಮ ಹಿಡಿಯಿರಿ.

ಇಲ್ಲಿ ಹೇಳುವುದು 1489 ಸಿಸಿಯ ಹಳೆಯ ಪೆಟ್ರೋಲ್ ಎಂಜಿನ್ ಇರುವ ಮಾರ್ಕ್ 2, 3, 4 ಗಾಡಿಗಳಿಗೆ. ಡೀಸೆಲ್ ಮತ್ತು 1.8 ಇಸುಜು ಎಂಜಿನ್ನಿನ ಲೆಕ್ಕ ಬೇರೆ.

ದಾಖಲೆ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25 ಕೊಟ್ಟು, ಗಾಡಿ ತೋರಿಸಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆರ್‌ಸಿ ತೀರಿಕೊಂಡವರ ಹೆಸರಲ್ಲಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು. ಮನೆಯ ಉಳಿದವರ ಒಪ್ಪಿಗೆಯನ್ನು ಕೆಲಸಕ್ಕೆ ದುಡ್ಡು ಹಾಕುವ ಮೊದಲೇ ಬರೆಸಿಟ್ಟುಕೊಳ್ಳಿ, ಗಾಡಿ ಹೊಳೆಯತೊಡಗಿದ ಮೇಲೆ ಪಾಲು ಕೇಳುವವರು ಹೆಚ್ಚುತ್ತಾರೆ. ಗಡಿಯ ಮನೆಗಳಲ್ಲಿ ಇನ್ನೊಂದು ತೊಡಕಿದೆ: ನಂಬರ್ ಮಂಗಳೂರಿನದೋ ಪುತ್ತೂರಿನದೋ, ಗಾಡಿ ಇರುವುದು ಕೇರಳದ ಬದಿಯಡ್ಕದಲ್ಲಿ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಆಗಬೇಕು. ಮೂಲ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ತಂದು, ಕಾಸರಗೋಡಿನಲ್ಲಿ ಫಾರಂ 27 ಕೊಟ್ಟು, ಕೇರಳದ ತೆರಿಗೆ ಕಟ್ಟಿದರೆ ಕೆಎಲ್ 14ರ ನಂಬರ್ ಸಿಗುತ್ತದೆ.

ಗಾಡಿಗೆ 50 ವರ್ಷ ದಾಟಿದ್ದರೆ ವಿಂಟೇಜ್ ನೋಂದಣಿಯೂ ಇದೆ. 2021ರ ನಿಯಮದಂತೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಬಾಡಿ, ಷಾಸಿ, ಎಂಜಿನ್ ಮೂಲರೂಪದಲ್ಲೇ ಇರಬೇಕು, ದಿನನಿತ್ಯ ಓಡಿಸುವಂತಿಲ್ಲ. ಅಡಿಕೆ ಮಾರಲು ಪೇಟೆಗೆ ಹೋಗಬೇಕೆನ್ನುವವರಿಗೆ ಸಾಮಾನ್ಯ ನವೀಕರಣವೇ ಸರಿ. ಯಾವುದೇ ಆಗಲಿ, ಷಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ. ತಿಕ್ಕುವವನ ಗ್ರೈಂಡರ್ ಆ ನಂಬರಿನ ಮೇಲೆ ಒಮ್ಮೆ ಹೋದರೆ ಗಾಡಿ ಬರೀ ತಗಡು.

ತಳ

ಬಾನೆಟ್ ಎತ್ತುವ ಮೊದಲು ಕೋಲಿನಿಂದ ತಟ್ಟಿ, ಸೀಟಿನಡಿಗೆ ಕೈ ಹಾಕುವ ಮೊದಲು ಟಾರ್ಚ್ ಬಿಡಿ. ಇಲಿ ಇದ್ದಲ್ಲಿಗೆ ಹಾವು ಬಂದಿರುತ್ತದೆ.

ಅಂಬಾಸಿಡರಿಗೆ ಜೀಪಿನ ಹಾಗೆ ಬೇರೆ ಷಾಸಿ ಇಲ್ಲ, ತಗಡೇ ಅದರ ಎಲುಬು. ಮ್ಯಾಟ್ ಎತ್ತಿದರೆ ಕೆಳಗೆ ಹಳೆಯ ಫೆಲ್ಟ್ ಇರುತ್ತದೆ. ನಮ್ಮ ಕಡೆಯ ಗಾಳಿಯಲ್ಲಿ ಅದು ಒಮ್ಮೆ ನೆನೆದರೆ ಒಣಗುವುದಿಲ್ಲ, ಮೇಲೆ ಬೆಚ್ಚಗೆ ಕಂಡರೂ ಅಡಿಯ ತಗಡು ಹಪ್ಪಳವಾಗಿರುತ್ತದೆ. ಪೂರ್ತಿ ಕಿತ್ತು ಬಿಸಾಡಿ. ಆಮೇಲೆ ಸಣ್ಣ ಸುತ್ತಿಗೆ, ದಪ್ಪ ಸ್ಕ್ರೂಡ್ರೈವರ್ ಹಿಡಿದು ಅಂಗುಲ ಅಂಗುಲ ತಟ್ಟುತ್ತಾ ಹೋಗಿ. ಒಳ್ಳೆಯ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ದಬ್ ಎಂದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಒಳಹೊಕ್ಕರೆ ಸುತ್ತ ಗಟ್ಟಿ ತಗಡು ಸಿಗುವವರೆಗೆ ಚಾಕ್ ಗೆರೆ ಎಳೆಯಿರಿ. ಬಾಗಿಲಿನ ಕೆಳಗಿನ ಪೆಟ್ಟಿಗೆ, ಜ್ಯಾಕ್ ಕೊಡುವ ಜಾಗ, ಹಿಂದಿನ ಪ್ಲೇಟ್‌ಗಳು (ಲೀಫ್ ಸ್ಪ್ರಿಂಗ್) ಬಾಡಿಗೆ ಸೇರುವಲ್ಲಿ, ಡಿಕ್ಕಿಯ ತಳ, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಟಾರ್ಷನ್ ಬಾರಿನ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ) ಹಿಂತುದಿ ಕಚ್ಚಿಕೊಳ್ಳುವ ಅಡ್ಡಪಟ್ಟಿ, ಇವು ಮುಖ್ಯ. ಕೊನೆಯದು ತೂತು ಬಿದ್ದಿದ್ದರೆ ಕೆಲಸ ದೊಡ್ಡದು. ಮುಂದಿನ ಭಾರವೆಲ್ಲ ತಿರುಚಿಕೊಂಡು ನಿಂತಿರುವುದು ಅಲ್ಲಿ. ಬಲ ಇಳಿಸದೆ ಆ ಬಾರಿನ ಬೋಲ್ಟ್ ಬಿಚ್ಚಿದರೆ ಕೈಯೇ ಹೋದೀತು. ಎಡದ್ದು ಬಲದ್ದು ಅದಲುಬದಲಾಗದಂತೆ ಗುರುತು ಹಾಕಿ.

ಬಾಗಿಲಿನ ಅಡಿಯ ನೀರಿಳಿಯುವ ತೂತುಗಳನ್ನು ತಂತಿ ಹಾಕಿ ನೋಡಿ. ಕೆಂಪು ಮಣ್ಣು ತುಂಬಿ ಗಾರೆಯಂತಾಗಿರುತ್ತದೆ. ಬಾಗಿಲು ಒಳಗಿನಿಂದ ಕೊಳೆಯುವುದಕ್ಕೆ ಹೆಚ್ಚಾಗಿ ಇಷ್ಟೇ ಕಾರಣ.

ವೆಲ್ಡಿಂಗಿಗೆ ಮೊದಲು ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕ್ ಎರಡನ್ನೂ ಗಾಡಿಯಿಂದ ಇಳಿಸಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಹೆಚ್ಚು ಅಪಾಯ. ತಳಕ್ಕೂ ಪೆಟ್ಟಿಗೆಗೂ 18 ಗೇಜಿನ ತಗಡು, ಮಡ್‌ಗಾರ್ಡಿನಂಥ ಹೊರಮೈಗೆ ಅದಕ್ಕಿಂತ ತೆಳುವಾದ 20 ಗೇಜ್ ಸಾಕು. ಬಾಗಿಲಿನ ಕೆಳಗಿನ ಪೆಟ್ಟಿಗೆ ಕತ್ತರಿಸುವಾಗ ಗಾಡಿ ನಡುವೆ ಬಾಗುತ್ತದೆ. ನಾಲ್ಕು ಕಡೆ ಸ್ಟ್ಯಾಂಡ್ ಕೊಟ್ಟು, ಬಾಗಿಲಿನ ಚೌಕಟ್ಟಿಗೆ ಒಳಗಿಂದ ಕಬ್ಬಿಣದ ಪೈಪ್ ಅಡ್ಡ ಬೆಸೆದು, ಒಂದು ಬದಿ ಮುಗಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಲಿ. ಹೀಗೆ ಮಾಡದ ಗಾಡಿಯ ಬಾಗಿಲು ಮತ್ತೆಂದೂ ಸರಿಯಾಗಿ ಹಾಕಿಕೊಳ್ಳುವುದಿಲ್ಲ. ತೂತಿನ ಮೇಲೆ ತಗಡಿಟ್ಟು ಪುಟ್ಟಿ ಬಳಿಯುವ ಟಿಂಕರಿಂಗ್ ಬೇಡ; ಎರಡು ತಗಡಿನ ನಡುವೆ ನೀರು ನಿಂತು, ಎರಡನೇ ಮಳೆಗಾಲಕ್ಕೆ ಪುಟ್ಟಿ ಹೆಕ್ಕಳಿಸಿ ಏಳುತ್ತದೆ. ಬೆಸೆದ ಜಾಗಕ್ಕೆ ಜಿಂಕ್ ಪ್ರೈಮರ್ ಹಚ್ಚಿ, ಪೆಟ್ಟಿಗೆಯೊಳಗೆ ಮೇಣದ ಸ್ಪ್ರೇ ಹೊಡೆಯಿರಿ.

ಬ್ರೇಕ್

ನಾಲ್ಕೂ ಚಕ್ರಕ್ಕೆ ಡ್ರಮ್. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಡ್ರಮ್ ಬಾರದಿದ್ದರೆ ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಿ, ಸುತ್ತಲೂ ಮರದ ಕೊಡತಿಯಿಂದ ತಟ್ಟಿ. ಚಕ್ರದ ಸಿಲಿಂಡರ್‌ಗಳನ್ನು ಎಣಿಸಿಯೇ ಕಿಟ್ ತರಿಸಿ. ಸಿಲಿಂಡರಿನ ಒಳಮೈಗೆ ಉಗುರು ಎಳೆದಾಗ ಗುಳಿ ತಾಗಿದರೆ ಹೊಸ ವಾಷರ್ ಹಾಕಿ ಪ್ರಯೋಜನವಿಲ್ಲ, ವಾರದಲ್ಲಿ ಸೋರುತ್ತದೆ, ಸಿಲಿಂಡರನ್ನೇ ಬದಲಿಸಿ. ಮೂರೂ ರಬ್ಬರ್ ಹೋಸ್ (ಮುಂದೆ ಎರಡು, ಹಿಂದೆ ಒಂದು) ಕಣ್ಣುಮುಚ್ಚಿ ಹೊಸದು ಹಾಕಿ. ಹಳೆಯದು ಒಳಗೆ ಊದಿಕೊಂಡು, ಒತ್ತಿದ ಬ್ರೇಕ್ ಬಿಡದಂತೆ ಹಿಡಿಯುತ್ತದೆ. ಒಂದು ಲೀಟರ್ ಡಾಟ್ 3 ಬ್ರೇಕ್ ಎಣ್ಣೆ ಇಟ್ಟುಕೊಂಡು ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ, ಈ ಕ್ರಮದಲ್ಲಿ ಗಾಳಿ ತೆಗೆಯಿರಿ. ಇದು ಒಂಟಿ ಲೈನಿನ ಬ್ರೇಕ್, ಒಂದು ಕಡೆ ಒಡೆದರೆ ನಾಲ್ಕೂ ಹೋಯಿತು.

ಟಯರ್ 5.90-15. ಅಂಚು ಚೆನ್ನಾಗಿ ಕಂಡರೂ ಹಳೆಯದನ್ನು ನಂಬಬೇಡಿ.

ಪೆಟ್ರೋಲ್ ಮತ್ತು ವೈರಿಂಗ್

ಹಳೆಯ ಪೆಟ್ರೋಲ್ ಚೆಲ್ಲಿ, ಟ್ಯಾಂಕಿಗೆ ಹಿಡಿ ಜಲ್ಲಿ ಹಾಕಿ ಕುಲುಕಿ ತೊಳೆದು ಬಿಸಿಲಿಗೆ ಒಣಗಿಸಿ. ಈಗ ಬಂಕಿನಲ್ಲಿ ಸಿಗುವ ಇ20 (ಶೇ 20 ಎಥೆನಾಲ್ ಬೆರೆಸಿದ) ಪೆಟ್ರೋಲಿನ ಎಥೆನಾಲ್ ಹಳೆಯ ರಬ್ಬರನ್ನು ಮೆದುಗೊಳಿಸಿ ಕಾರ್ಬ್ಯುರೇಟರಿಗೆ ಕರಿ ಚೂರು ಕಳಿಸುತ್ತದೆ. ಹೋಸ್, ಪಂಪಿನ ಡಯಾಫ್ರಾಮ್, ಕಾರ್ಬ್ಯುರೇಟರ್ ಕಿಟ್ ಮೂರನ್ನೂ ಎಥೆನಾಲ್ ತಾಳುವಂಥದ್ದೇ ಕೇಳಿ ತನ್ನಿ. ಡಯಾಫ್ರಾಮ್ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ಗೊತ್ತಾಗುತ್ತದೆ. ಎಥೆನಾಲ್ ತೇವ ಎಳೆಯುವುದರಿಂದ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡಿ.

ಇಲಿ ಕಡಿದ ವೈರಿಗೆ ಟೇಪ್ ಸುತ್ತಬೇಡಿ, ಆ ಕಟ್ಟನ್ನೇ ಬದಲಿಸಿ. ಬ್ಯಾಟರಿ ಕೂರಿಸುವ ಮೊದಲು ಬಾಡಿಗೆ ಬೋಲ್ಟ್ ಆದ ದಪ್ಪ ವೈರ್ ಯಾವ ಟರ್ಮಿನಲ್ಲಿನದು ನೋಡಿ. ಹಳೆಯ ಡೈನಮೊ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರಬಹುದು. ಅರ್ತ್ ಅಲ್ಲದ ಬದಿಯಲ್ಲಿ, ಬ್ಯಾಟರಿಗೂ ವೈರಿಗೂ ನಡುವೆ 12 ವೋಲ್ಟ್ 21 ವ್ಯಾಟಿನ ಬಲ್ಬ್ ಸೇರಿಸಿ. ಎಲ್ಲ ಸ್ವಿಚ್ ಆಫ್ ಇದ್ದೂ ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ ಎಂದರ್ಥ. ಬಲ್ಬಿನ ಬದಲು ಹೊಗೆ ನೋಡುವ ಕರ್ಮ ತಪ್ಪುತ್ತದೆ.

ಎಂಜಿನ್

ನಾಲ್ಕೂ ಪ್ಲಗ್ ಕಳಚಿ ಒಂದೊಂದು ಸಿಲಿಂಡರಿಗೆ 25 ಮಿಲಿಯಷ್ಟು ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಪಾಲು ಬೆರೆಸಿ ಸುರಿದು ನಾಲ್ಕು ದಿನ ಬಿಡಿ. ಆಮೇಲೆ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿ. ಒಂದೇ ದಿಕ್ಕಿಗೆ ಬಲ ಬೇಡ, ಅತ್ತಿತ್ತ ಆಡಿಸಿ. ಅಲುಗದಿದ್ದರೆ ಇನ್ನೂ ನಾಲ್ಕು ದಿನ. ಸೆಲ್ಫ್ ಹೊಡೆದರೆ ಸಿಕ್ಕಿಕೊಂಡ ಪಿಸ್ಟನ್ ರಿಂಗ್ ಮುರಿದು ಸಿಲಿಂಡರ್ ಗೀರುತ್ತದೆ. ಈ ಎಂಜಿನ್ನಿನ ನಟ್ಟುಗಳು ಇಂಚಿನ ಅಳತೆಯವು: 7/16, 1/2, 9/16. ಅರ್ಧ ಇಂಚಿನ ನಟ್ಟಿಗೆ 13ರ ಸ್ಪ್ಯಾನರ್ ಹಾಕುವ ಚಾಳಿಯಿಂದಲೇ ತಲೆಗಳು ಸವೆದಿರುವುದು.

ತಿರುಗಿತೆಂದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿ 20ಡಬ್ಲ್ಯು-50 ಹಾಕಿ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 0.015 ಇಂಚು, ಪ್ಲಗ್ 0.025 ಇಂಚು, ಎಂಜಿನ್ ತಣ್ಣಗಿರುವಾಗ ವಾಲ್ವ್ 0.015 ಇಂಚು. ವಾಲ್ವಿಗೆ ಒಂಬತ್ತರ ಲೆಕ್ಕ: 8ನೇ ವಾಲ್ವ್ ಪೂರ್ತಿ ಒತ್ತಿದಾಗ 1ನೆಯದನ್ನು ಸೆಟ್ ಮಾಡಿ, 7 ಒತ್ತಿದಾಗ 2ನ್ನು. ಒಟ್ಟು ಯಾವಾಗಲೂ ಒಂಬತ್ತು. ಫೈರಿಂಗ್ ಆರ್ಡರ್ 1-3-4-2. ಪ್ಲಗ್ ಹಾಕದೆಯೇ ಸೆಲ್ಫ್ ಹೊಡೆದು ಆಯಿಲ್ ಒತ್ತಡ ಏರಿದ ಮೇಲೆ ಪ್ಲಗ್ ಕಟ್ಟಿ. ಸೈಲೆನ್ಸರಿನ ಬಾಯಲ್ಲಿ ಕಣಜದ ಗೂಡಿದ್ದರೆ ಎಷ್ಟು ಹೊಡೆದರೂ ಎಂಜಿನ್ ಏಳುವುದಿಲ್ಲ, ಮೊದಲು ಅದನ್ನು ಕೆದಕಿ ತೆಗೆಯಿರಿ.

ಸೀಸ ಸೇರಿಸಿದ ಪೆಟ್ರೋಲ್ ದೇಶದಲ್ಲಿ 2000ದಲ್ಲಿ ನಿಂತಿತು. ಹಳೆಯ ಹೆಡ್ಡಿನ ವಾಲ್ವ್ ಸೀಟ್ ಅದನ್ನೇ ನಂಬಿದ್ದು, ಈಗ ನಿಧಾನಕ್ಕೆ ಒಳಗಿಳಿಯುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ. 5,000 ಕಿಮೀಗೊಮ್ಮೆ ನೋಡಿ. ಹೆಡ್ ಹೇಗೂ ಇಳಿಸುವುದಾದರೆ ಲೇತಿನಲ್ಲಿ ಗಟ್ಟಿ ಸೀಟ್ ಕೂರಿಸಿಬಿಡಿ. ಸಿಗದ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಅಥವಾ ಕೊಯಮತ್ತೂರಿನ ಉಕ್ಕಡಂ ಸುತ್ತಿ. ಹಳೆಯ ತುಂಡನ್ನು ಕೈಯಲ್ಲೇ ಹಿಡಿದು ಹೋಗಿ.

ಬಣ್ಣ

ಬಣ್ಣಕ್ಕೆ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಗಾಳಿಯಲ್ಲಿ ತೇವ ಕಡಿಮೆ. ಕಷ್ಟವೆಂದರೆ ಅಂಗಳದಲ್ಲಿ ಅಡಿಕೆ ಒಣಗುವುದೂ ಆಗಲೇ. ಅಡಿಕೆ ಮಗುಚುವಾಗ ಏಳುವ ಧೂಳು ಹಸಿ ಬಣ್ಣದ ಮೇಲೆ ಕೂತರೆ ಮತ್ತೆ ತಿಕ್ಕಬೇಕು. ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುವ ವರ್ಕ್‌ಶಾಪಿಗೇ ಕೊಡಿ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು. ಮುಗಿದ ಗಾಡಿಯನ್ನು ಹಳೆಯ ಮಣ್ಣಿನ ನೆಲಕ್ಕೇ ತಂದು ನಿಲ್ಲಿಸಬೇಡಿ. ನೆಲದ ತೇವ ನೇರ ತಳಕ್ಕೆ ಏರುತ್ತದೆ. ಸಿಮೆಂಟು ಹಾಕಿಸಿ, ಬದಿ ತೆರೆದಿಡಿ, ಪ್ಲಾಸ್ಟಿಕ್ ಹೊದೆಸಬೇಡಿ, ಹದಿನೈದು ದಿನಕ್ಕೊಮ್ಮೆ 10 ಕಿಮೀ ಓಡಿಸಿ. ಮೊದಲ 500 ಕಿಮೀ ಆದಾಗ ಆಯಿಲ್ ಮತ್ತೊಮ್ಮೆ ಬದಲಿಸಿ. ವರ್ಷಗಳ ಕೆಸರು ಅಷ್ಟರಲ್ಲಿ ಕರಗಿ ಕೆಳಗಿಳಿದಿರುತ್ತದೆ.