ಹಲಸಿನ ಬಾಗಿಲು: ತೇವ ಅಳೆದ ಮೇಲೆ ಬಣ್ಣ

ಕುಂದಾಪುರದ ಕಡೆ ಮನೆ ಕಟ್ಟಿಸುವಾಗ ಬಾಗಿಲಿಗೆ ನಮ್ಮ ಹಿತ್ತಲಿನ ಹಲಸಿನ ಮರವನ್ನೇ ಸೀಳಿಸಿದೆ. ಹಲಗೆಗಳ ನಡುವೆ ರೀಪು ಕೊಟ್ಟು, ಗಾಳಿಯಾಡುವ ಹಾಗೆ ಮಾಡಿನ ಕೆಳಗೆ ಪೇರಿಸಿದ್ದಾಯಿತು. ಇನ್ನು ಒಣಗಿತೋ ಇಲ್ಲವೋ ನೋಡಬೇಕಲ್ಲ? "ತಟ್ಟಿದ್ರೆ ಸದ್ದಲ್ಲೇ ಗೊತ್ತಾಗ್ತದೆ ಮಾರಾಯ್ರೆ" ಎಂದರು ಆಚಾರ್ರು. ತೀರಾ ಹಸಿ ಹಲಗೆಯನ್ನು ಅವರ ಕಿವಿ ಖಂಡಿತ ಹಿಡಿಯುತ್ತದೆ. ಆದರೆ ತೇವ ಶೇ. 19ರಷ್ಟಿದೆಯೋ 14ರಷ್ಟಿದೆಯೋ ಅಂತ ಸದ್ದಿನಲ್ಲಿ ತಿಳಿಯುವುದಿಲ್ಲ. ನನಗೆ ಬೇಕಿದ್ದದ್ದು ಅದೇ.

ಎರಡು ಸೂಜಿಯ ಮೀಟರ್ ತರಿಸಿದೆ. ಮರದಲ್ಲಿ ನೀರು ಜಾಸ್ತಿ ಇದ್ದಷ್ಟೂ ಸೂಜಿಗಳ ನಡುವೆ ಕರೆಂಟು ಸುಲಭವಾಗಿ ಹರಿಯುತ್ತದೆ, ಮೀಟರ್ ಅದನ್ನೇ ಅಂಕಿಯಾಗಿ ತೋರಿಸುತ್ತದೆ. ಸುಮ್ನೆ ಹಲಗೆಯ ಮೇಲೆ ಚುಚ್ಚಿದರೆ ಹೊರಮೈಯ ಲೆಕ್ಕ ಮಾತ್ರ ಸಿಗುತ್ತದೆ. ತುದಿಗಳಂತೂ ಬೇಗ ಒಣಗುತ್ತವೆ. ಹಾಗಾಗಿ ತುದಿಯಿಂದ ಒಂದಡಿ ಬಿಟ್ಟು ಅಡ್ಡ ಕೊಯ್ಸಿ, ಆ ಹೊಸ ಮುಖದ ನಡುವೆ ಆಗಲೇ ಚುಚ್ಚಿ ನೋಡುತ್ತಿದ್ದೆ. ಹೊರಗೆ 13 ತೋರಿಸಿದ ಹಲಗೆ ಒಳಗೆ 18 ತೋರಿಸಿದ್ದುಂಟು.

ಆ ಅಂಕಿಯನ್ನೂ ಪೂರ್ತಿ ನಂಬಲಾಗದು. ಇಂಥ ಎಷ್ಟೋ ಮೀಟರ್‌ಗಳನ್ನು ಅಮೆರಿಕದ ಡಗ್ಲಸ್ ಫರ್ ಮರಕ್ಕೆ ಹೊಂದಿಸಿರುತ್ತಾರೆ. ನಮ್ಮ ಹಲಸು ಅದಕ್ಕೇನು ಗೊತ್ತು! ಅದಕ್ಕೆ ಅದೇ ಹಲಗೆಯ ನಡುವಿನಿಂದ ಗಂಟಿಲ್ಲದ ತುಂಡೊಂದನ್ನು ಕೊಯ್ದು, ಕೂಡಲೇ ತೂಗಿ, ಓವನ್‌ನಲ್ಲಿ 103 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟೆ. ಆಗಾಗ ತೆಗೆದು ತೂಗುವುದು, ತೂಕ ಇಳಿಯುವುದು ನಿಂತರೆ ಮುಗಿಯಿತು. ಇಳಿದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಬೇಕು. 118 ಗ್ರಾಂ ತುಂಡು 100ಕ್ಕೆ ಇಳಿದರೆ ತೇವ ಶೇ. 18. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಗ್ರಾಂ ತಪ್ಪಿದರೂ ಒಂದು ಶೇಕಡಾ ತಪ್ಪುತ್ತದೆ, ಹಾಗಾಗಿ ದಶಮಾಂಶ ತೋರಿಸುವ ತಕ್ಕಡಿಯೇ ಬೇಕು. ಓವನ್ ಲೆಕ್ಕಕ್ಕೂ ಮೀಟರ್ ಲೆಕ್ಕಕ್ಕೂ ಎಷ್ಟು ವ್ಯತ್ಯಾಸ ಅಂತ ಮೀಟರಿನ ಬೆನ್ನಿಗೇ ಬರೆದಿಟ್ಟುಕೊಂಡೆ.

ಎಷ್ಟಕ್ಕೆ ಇಳಿದರೆ ಸಾಕು? ಹವೆಯ ತೇವ ನೋಡಿ ದೇಶವನ್ನು 4 ವಲಯ ಮಾಡಿರುವ ಐಎಸ್ 287 ಎಂಬ ಭಾರತೀಯ ಮಾನಕದಲ್ಲಿ, 50 ಮಿ.ಮೀ.ಗಿಂತ ತೆಳುವಾದ ಬಾಗಿಲ ಮರಕ್ಕೆ ಅತಿ ಒಣ ವಲಯದಲ್ಲಿ ಶೇ. 8, ಅತಿ ತೇವದ ವಲಯದಲ್ಲಿ ಶೇ. 14 ಮಿತಿ. ನಮ್ಮ ಕರಾವಳಿ ಈ ಅತಿ ತೇವದ ವಲಯಕ್ಕೆ ಸೇರುತ್ತದೆ. ಆದರೆ ಆಷಾಢದಲ್ಲಿ ಎಷ್ಟು ಕಾದರೂ ಆ ಅಂಕಿ ಬರುವುದಿಲ್ಲ. ಗಾಳಿಯ ತೇವ 85–90 ಇರುವಾಗ ಮರ 18ರ ಹತ್ತಿರವೇ ನಿಂತುಬಿಡುತ್ತದೆ. ಪೇಂಟಿಂಗ್‌ನವರು ಅವಸರ ಮಾಡಿದರೂ ನಾನು ಜನವರಿಯ ಬಿಸಿಲಿನ ತನಕ ಕಾದೆ. ಹಸಿ ಮರಕ್ಕೆ ಎಣ್ಣೆ ಬಣ್ಣ ಬಳಿದರೆ ಬಿಸಿಲಿಗೆ ಒಳಗಿನ ನೀರು ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ ಅಲ್ವಾ?

ಇನ್ನೊಂದು ವಿಷಯ. ಗೆದ್ದಲಿಗೆಂದು ಬೊರಾಕ್ಸ್‌ನಂಥ ಉಪ್ಪಿನ ದ್ರಾವಣ ಹಚ್ಚುವುದಿದ್ದರೆ ಅದಕ್ಕೆ ಮೊದಲೇ ಅಳೆಯಿರಿ. ಆ ಉಪ್ಪು ಕರೆಂಟು ಹರಿಸುವುದರಿಂದ ಒಣ ಮರವನ್ನೂ ಮೀಟರ್ ಹಸಿ ಅನ್ನುತ್ತದೆ.

ಬಾಗಿಲು ಕೂರಿಸುವ ಮೊದಲೇ ಅಡಿಯಂಚಿಗೂ ಮೇಲಂಚಿಗೂ ಪ್ರೈಮರ್ ಬಳಿಸಿದೆ. ಆಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ.