ಗಡಿ ದಾಟಿ ಕಂಪನಿ ಕಟ್ಟುವ ಕೋಲಾರದವರಿಗೆ

ಕೋಲಾರ, ಚಿಂತಾಮಣಿ ಕಡೆಯಿಂದ ಕ್ಯಾಲಿಫೋರ್ನಿಯಾಕ್ಕೆ ಬರುವ ಹುಡುಗರು ಸಾಮಾನು ಬಿಚ್ಚುವ ಮೊದಲೇ, "ಅಣ್ಣಾ, ಆಕ್ಸಿಲರೇಟರ್‌ಗೆ ಅರ್ಜಿ ಹಾಕಲೇ?" ಎಂದು ಕೇಳುತ್ತಾರೆ. ಹಾಕಿ. ಆಕ್ಸಿಲರೇಟರ್ ಎಂದರೆ ಹೊಸ ಕಂಪನಿಗಳಿಗೆ ಆರಂಭದ ಹಣ, ಮಾರ್ಗದರ್ಶನ ಕೊಡುವ ಸಂಸ್ಥೆ. ಆದರೆ ಅದರ ಹಣವನ್ನು ಮಂಡಿಯ ಮುಂಗಡ ಎಂದುಕೊಳ್ಳಬೇಡಿ. ನಾಟಿಯ ಹೊತ್ತಿಗೆ ಮಂಡಿಯವರು ದುಡ್ಡು ಕೊಟ್ಟರೆ, ಟೊಮೆಟೊ ಅವರಲ್ಲಿಗೇ ಹಾಕಿ, ಕಮಿಷನ್ ಮುರಿಸಿಕೊಂಡು, ಲೆಕ್ಕ ಚುಕ್ತಾ ಮಾಡಿ ಬರುತ್ತೇವೆ. ಆಕ್ಸಿಲರೇಟರ್‌ನವರಿಗೆ ತೋಟದಲ್ಲೇ, ಅಂದರೆ ಕಂಪನಿಯಲ್ಲೇ, ಪಾಲು ಬೇಕು. ವೈ ಕಾಂಬಿನೇಟರ್ ಎಂಬ ಹೆಸರಾಂತ ಆಕ್ಸಿಲರೇಟರ್ ಕೊಡುವ 5 ಲಕ್ಷ ಡಾಲರಿನಲ್ಲಿ 1.25 ಲಕ್ಷಕ್ಕೇ ಶೇ 7ರಷ್ಟು ಪಾಲು ಹೋಗುತ್ತದೆ, ಉಳಿದ 3.75 ಲಕ್ಷ, ಮುಂದೆ ಬರುವ ಹೂಡಿಕೆದಾರರ ಷರತ್ತಿನ ಮೇಲೆ ಷೇರಾಗುತ್ತದೆ.

ಊರಿನಲ್ಲಿ ನೋಂದಾಯಿಸಿದ ಪ್ರೈವೇಟ್ ಲಿಮಿಟೆಡ್‌ಗೆ ವೈ ಕಾಂಬಿನೇಟರ್‌ನವರು ನೇರವಾಗಿ ಹಣ ಹಾಕುವುದಿಲ್ಲ. ಹೊರದೇಶದಲ್ಲಿ, ಸಾಮಾನ್ಯವಾಗಿ ಅಮೆರಿಕದ ಡೆಲವೇರ್ ರಾಜ್ಯದಲ್ಲಿ, ಒಂದು ಕಂಪನಿ ತೆರೆದು ಊರಿನದನ್ನು ಅದರ ಕೆಳಗೆ ತರಬೇಕು. ಇದಕ್ಕೆ ಫ್ಲಿಪ್ ಎನ್ನುತ್ತಾರೆ. ಷೇರು ಕೈಬದಲಾಗುವುದರಿಂದ ಫೆಮಾ (ಭಾರತದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ನಿಯಮ, ಆದಾಯ ತೆರಿಗೆ ಎರಡೂ ಎದುರಾಗುತ್ತವೆ. ಊರಿನ ಆಡಿಟರ್‌ಗೆ ಒಂದು ಮಾತು ತಿಳಿಸದೆ ಇಲ್ಲಿನ ವಕೀಲರು ತೋರಿಸಿದಲ್ಲೆಲ್ಲ ಸಹಿ ಹಾಕಬೇಡಿ.

ನನ್ನ ಕಂಪನಿಯ ಮೊದಲ ವರ್ಷ ಡೆಲವೇರ್‌ನ ಫ್ರಾಂಚೈಸ್ ತೆರಿಗೆಯ (ಅಲ್ಲಿ ನೋಂದಾಯಿಸಿದ ಕಂಪನಿ ವರ್ಷಕ್ಕೊಮ್ಮೆ ಕಟ್ಟುವ ತೆರಿಗೆ) ಲೆಕ್ಕ ಬಂತು: 85,165 ಡಾಲರ್! ಬ್ಯಾಂಕಿನಲ್ಲಿ ಅದರ ಕಾಲುಭಾಗವೂ ಇರಲಿಲ್ಲ. ಅಂದು ತಟ್ಟೆಯಲ್ಲಿದ್ದ ಮುದ್ದೆ ಹಾಗೆಯೇ ಆರಿಹೋಯಿತು. ಆಮೇಲೆ ತಿಳಿಯಿತು, ಸ್ಥಾಪನೆಯ ಕಾಗದದಲ್ಲಿ ಒಂದು ಕೋಟಿ ಷೇರು ಎಂದು ಬರೆದಿದ್ದೆವು. ಷೇರುಗಳ ಸಂಖ್ಯೆ ಹಿಡಿದು ಗುಣಿಸಿದರೆ ಅಷ್ಟಾಗುತ್ತದೆ. ಕಂಪನಿಯ ಆಸ್ತಿ ನೋಡಿ ಮಾಡುವ ಇನ್ನೊಂದು ಲೆಕ್ಕವನ್ನೂ ಕಾನೂನು ಒಪ್ಪುತ್ತದೆ. ಆ ಪ್ರಕಾರ ಕಟ್ಟಿದ್ದು 400 ಡಾಲರ್, ಜೊತೆಗೆ ವಾರ್ಷಿಕ ವರದಿಗೆ 50. ಗಡುವು ಮಾರ್ಚ್ 1.

ವೀಸಾ ವಿಷಯದಲ್ಲಿ ಮಾತ್ರ ಜಾಣತನ ತೋರಿಸಬೇಡಿ. ಬಿ-1 ಎಂಬ ವ್ಯವಹಾರ ಭೇಟಿಯ ವೀಸಾದಲ್ಲಿ ಬಂದವರು ಸಭೆಗೆ ಹೋಗಬಹುದು, ಒಪ್ಪಂದದ ಮಾತುಕತೆ ನಡೆಸಬಹುದು. ಇಲ್ಲಿ ಕುಳಿತು ಕಂಪನಿ ನಡೆಸುವಂತಿಲ್ಲ. ಎಚ್-1ಬಿ ಎಂಬ ಉದ್ಯೋಗ ವೀಸಾ ಇದ್ದವರು ಷೇರು ಇಟ್ಟುಕೊಳ್ಳಬಹುದು, ದುಡಿಯುವುದು ಅವರ ವೀಸಾಕ್ಕಾಗಿ ಅರ್ಜಿ ಹಾಕಿದ ಕಂಪನಿಗೆ ಮಾತ್ರ. ರಾತ್ರಿ ಹೊತ್ತು ನನ್ನ ಕೋಡ್ ನಾನು ಬರೆದುಕೊಂಡರೆ ಯಾರಿಗೆ ಗೊತ್ತಾಗುತ್ತದೆ ಎನ್ನುವವರನ್ನು ಕಂಡಿದ್ದೇನೆ. ಆ ಕೋಡ್ ಯಾರ ಸ್ವತ್ತು, ನಿಮ್ಮದೋ ಕೆಲಸ ಕೊಟ್ಟ ಕಂಪನಿಯದೋ ಎಂದು ಹೂಡಿಕೆದಾರರ ವಕೀಲರು ಕೇಳದೆ ಬಿಡುವುದಿಲ್ಲ.

ಗಿರಾಕಿಗಳು ಊರಿನ ಮಂಡಿಯವರೇ ಆಗಿದ್ದರೆ ಹರಾಜಿನ ಹೊತ್ತಿಗೆ ಫೋನಿಗೆ ಸಿಗಿ. ಕೋಲಾರದಲ್ಲಿ ಬೆಳಿಗ್ಗೆ ಒಂಬತ್ತಾದಾಗ ಇಲ್ಲಿ ಹಿಂದಿನ ರಾತ್ರಿ ಎಂಟೂವರೆ. ನವೆಂಬರಿನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಏಳೂವರೆ.