ಧೋ ಎಂದರೆ ತೊಳಿ

ಹೋಗುವ ಮುಂಚೆ ನಾನು ಮಾಡಿಕೊಂಡ ತಯಾರಿಯಲ್ಲಿ ಅರ್ಧಕ್ಕರ್ಧ ದಂಡವಾಯಿತು. ಅದನ್ನೇ ಮೊದಲು ಹೇಳುತ್ತೇನೆ, ಮುಂದೆ ಇಂಥ ಕಡೆ ಹೋಗುವವರಿಗೆ ಉಪಯೋಗವಾದೀತು.

ಕೊಲ್ಕತ್ತದಲ್ಲಿ ಎರಡು ದಿನ, ಹಲವು ಭಾಷೆಗಳ ಮಕ್ಕಳ ಸಾಹಿತಿಗಳ ಸಮ್ಮೇಳನ. ಕನ್ನಡದಿಂದ ಇಬ್ಬರನ್ನು ಕರೆದಿದ್ದರು. ಇನ್ನೊಬ್ಬರಿಗೆ ಕೊನೇ ಗಳಿಗೆಯಲ್ಲಿ ಜ್ವರ ಬಂದು ನಾನೊಬ್ಬಳೇ ಹೊರಟೆ. ಸಾಗರದ ಹತ್ತಿರ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆ ಟೀಚರ್ ನಾನು. ಬೆಂಗಳೂರು ದಾಟಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಚೀಲದಲ್ಲಿ ಇದ್ದದ್ದು: ಕನ್ನಡ ಮಕ್ಕಳ ಸಾಹಿತ್ಯ ಬೆಳೆದುಬಂದ ಬಗೆ ಕುರಿತು ಹಿಂದಿಯಲ್ಲಿ ಬರೆಸಿಕೊಂಡ 12 ಪುಟದ ಪ್ರಬಂಧ, ನನ್ನ ಪುಸ್ತಕದ ಹತ್ತು ಪ್ರತಿ, ನನ್ನದೇ ಒಂದು ಮಳೆ ಕಥೆಯ ಇಂಗ್ಲಿಷ್ ಅನುವಾದ, ಅವಲಕ್ಕಿ, ಉಪ್ಪಿನಕಾಯಿ.

ಒಂದೂವರೆ ದಿನದ ರೈಲು. ಒಂದು ದಿನ ಮುಂಚೆಯೇ ತಲುಪುವ ಹಾಗೆ ಟಿಕೆಟ್ ಮಾಡಿಸಿದ್ದು ಒಳ್ಳೆಯದೇ ಆಯಿತು. ಹೌರಾ ಸ್ಟೇಷನ್ನಿನ ಜನ ನೋಡಿ ಎದೆ ಧಸಕ್ಕೆಂದಿತು. ಹೊರಗೆ ಬಂದು ದಾರಿ ಕೇಳಿದರೆ ಒಬ್ಬರು ಎದುರಿಗೇ ಇದ್ದ ನದಿಯ ಕಡೆ ಕೈ ತೋರಿಸಿ "ಲಂಚ್, ದೀದಿ, ಲಂಚ್" ಎಂದರು. ನೋಡಿದರೆ ಲಾಂಚ್! ಶರಾವತಿ ಹಿನ್ನೀರಿನಲ್ಲಿ ಹೊಳೆಬಾಗಿಲಿನ ಲಾಂಚ್ ಹತ್ತಿ ಬೆಳೆದವಳಿಗೆ ಇನ್ನೇನು ಬೇಕು. ಪಕ್ಕದಲ್ಲಿ 1943ರ ಹೌರಾ ಸೇತುವೆ, ಕೆಳಗೆ ಕೆಸರು ಬಣ್ಣದ ಹೂಗ್ಲಿ. ಆಚೆ ದಡ ಸೇರುವಷ್ಟರಲ್ಲಿ ಹೆದರಿಕೆ ಇಳಿದಿತ್ತು.

ಮೊದಲ ದಿನ ನನ್ನ ಪ್ರಬಂಧ. ಉದ್ಘಾಟನೆ ಉದ್ದವಾಗಿ, ನನಗಿದ್ದ ಹದಿನೈದು ನಿಮಿಷ ಆರಕ್ಕೆ ಇಳಿಯಿತು. ಓಡೋಡಿ ಓದಿದೆ. ಚಪ್ಪಾಳೆ ಬಿತ್ತು, ಒಂದು ಪ್ರಶ್ನೆಯೂ ಬರಲಿಲ್ಲ. ನನಗೆ ಆಗಲೇ ಅರ್ಥವಾಯಿತು: ನಮ್ಮ ಇಸವಿ, ಹೆಸರುಗಳ ಪಟ್ಟಿಯನ್ನು ಯಾರಾದರೂ ಯಾಕೆ ನೆನಪಿಟ್ಟುಕೊಳ್ಳಬೇಕು, ಒಂದು ಕಥೆಯನ್ನೂ ಕೇಳದೆ?

ರಾತ್ರಿ ಊಟಕ್ಕೆ ಲೂಚಿ, ಕಡಲೆಬೇಳೆ ದಾಲ್. ಸಾಸಿವೆ ಎಣ್ಣೆಯ ಘಾಟು ನನಗೆ ಹೊಸದು. ಎರಡನೇ ಹೊತ್ತಿಗೆ ಒಗ್ಗಿತು. ಪಕ್ಕದಲ್ಲಿ ಕೂತ ಬಂಗಾಳಿ ಲೇಖಕಿ, ನನಗಿಂತ ಹಿರಿಯರು, ನಾಳೆ ಯಾವ ಕಥೆ ಓದುತ್ತೀರಿ ಎಂದು ಕೇಳಿದರು. ಅಟ್ಟದ ಮೇಲೆ ಮಲಗಿ ಮಳೆ ಕೇಳುವ ಹುಡುಗಿಯ ಕಥೆ ಎಂದೆ. ಅವಳಿಗೆ ಕಣ್ಣು ಬಿಡದೆಯೂ ಮಳೆ ಯಾವುದೆಂದು ಗೊತ್ತಾಗುತ್ತದೆ: ಜಿಟಿಜಿಟಿಯೋ, ಪಟಪಟವೋ, ಧೋ ಎನ್ನುವುದೋ. ಇಂಗ್ಲಿಷ್ ಅನುವಾದ ತೋರಿಸಿದೆ. ಅದರಲ್ಲಿ ಆ ಮೂರು ಮಳೆಗಳೂ ಸಣ್ಣ ಮಳೆ, ದೊಡ್ಡ ಮಳೆ ಆಗಿಹೋಗಿದ್ದವು. ಅವರು ಹಾಳೆ ಮಡಚಿ ಪಕ್ಕಕ್ಕಿಟ್ಟು, ತಟ್ಟೆಯ ಅಂಚನ್ನು ಬೆರಳಲ್ಲಿ ತಟ್ಟುತ್ತ "ಟಾಪುರ್ ಟುಪುರ್" ಎಂದರು. "ಝಿರ್‌ಝಿರ್" ಎಂದರು, ಅದು ತೆಳ್ಳನೆಯ ಮಳೆ. ಎದುರಿಗಿದ್ದ ಒಡಿಯಾ ಕವಿ "ಝಿಪಿಝಿಪಿ" ಸೇರಿಸಿದರು. ಕೇರಳದವರು "ಚನ್ನಂ ಪಿನ್ನಂ", ಭೋಪಾಲದವರು "ರಿಮ್‌ಝಿಮ್". ನಾನು ನೋಟ್‌ಬುಕ್ ತೆಗೆದು ಎಲ್ಲವನ್ನೂ ಬರೆದುಕೊಂಡೆ. ಶಾಲೆಯಲ್ಲಿ ಅನುಕರಣಾವ್ಯಯ ಎಂದು ಪಾಠ ಮಾಡಿ, ಉದಾಹರಣೆ ಕೊಟ್ಟು, ಪರೀಕ್ಷೆಗೆ ಕೇಳಿ ಮುಗಿಸುವ ಪದಗಳು ಇವು. ಸಮ್ಮೇಳನದ ಎರಡು ದಿನದಲ್ಲಿ ನನಗೆ ಹೆಚ್ಚು ಕಲಿಸಿದ್ದು ಆ ಊಟದ ಮೇಜು.

ಆ ರಾತ್ರಿ ಕೂತು ಕಥೆಗೆ ಕತ್ತರಿ ಹಾಕಿದೆ. ಮಳೆಯನ್ನು ವಿವರಿಸುವ ಸಾಲುಗಳನ್ನೆಲ್ಲ ತೆಗೆದೆ. ಶಬ್ದಗಳನ್ನು ಕನ್ನಡದಲ್ಲೇ ಬಿಟ್ಟು, ನಡುವಿನ ಮಾತನ್ನಷ್ಟೇ ಸರಳ ಹಿಂದಿಗೆ ತಂದುಕೊಂಡೆ.

ಮರುದಿನ ಕೇಳಲು ಕೂತವರು ಅಲ್ಲಿಯದೇ ಶಾಲೆಯೊಂದರ ಮಕ್ಕಳು, ಸುಮಾರು ನಲವತ್ತು ಜನ. ಆ ಹಿರಿಯ ಲೇಖಕಿಯೇ ನನ್ನ ಹಿಂದಿಯನ್ನು ಬಂಗಾಳಿಗೆ ಮಾಡುತ್ತ ಬಂದರು. ಜಿಟಿಜಿಟಿಗೆ ಮಕ್ಕಳು ತಾವಾಗಿಯೇ ದನಿಗೂಡಿಸಿದರು. ಕೊನೆಗೆ "ಧೋ... ಧೋ..." ಎಂದು ನಾನು ಎಳೆದದ್ದೇ ತಡ, ಇಡೀ ಕೋಣೆ ನಕ್ಕಿತು. ಏನು ತಪ್ಪಾಯಿತೋ ತಿಳಿಯದೆ ನಿಂತೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಎರಡೂ ಕೈ ಉಜ್ಜಿ ತೋರಿಸಿ ಏನೋ ಹೇಳಿದಳು. ಬಂಗಾಳಿಯಲ್ಲಿ "ಧೋ" ಎಂದರೆ "ತೊಳಿ". ಹಿಂದಿಯಲ್ಲೂ ಅದೇ ಅರ್ಥ, ನನಗೆ ಗೊತ್ತಿದ್ದದ್ದೇ, ಆದರೆ ಮಳೆಯ ಜೊತೆ ಇಟ್ಟು ಯೋಚಿಸಿರಲಿಲ್ಲ. ನಿಮ್ಮೂರಿನ ಮಳೆ ಏನು ತೊಳಿ ಅನ್ನುತ್ತದೆ ಎಂದು ಅವಳ ಪ್ರಶ್ನೆ. ನಾನು ಹೇಳತೊಡಗಿದೆ: ಹೆಂಚು ತೊಳಿ, ಅಂಗಳ ತೊಳಿ, ಅಡಿಕೆ ಮರ ತೊಳಿ, ಎಮ್ಮೆಯ ಬೆನ್ನು ತೊಳಿ. ಪ್ರತಿಯೊಂದಕ್ಕೂ ಮಕ್ಕಳು "ಧೋ" ಎಂದರು. ನನ್ನ ಕಥೆಗೆ ಇರಬೇಕಿದ್ದ ಕೊನೆ ಅದು. ನಾಲ್ಕು ವರ್ಷದಿಂದ ಸಿಕ್ಕಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಕಾಲೇಜ್ ಸ್ಟ್ರೀಟಿಗೆ ಹೋದೆ. ಕಾಲುದಾರಿಯುದ್ದಕ್ಕೂ ಪುಸ್ತಕ. ಬಂಗಾಳಿ ಮಕ್ಕಳ ಪತ್ರಿಕೆಗಳು ದುರ್ಗಾಪೂಜೆಗೆ ತರುವ ದಪ್ಪ ವಿಶೇಷಾಂಕಗಳು ಸೆಕೆಂಡ್ ಹ್ಯಾಂಡ್ ರಾಶಿಯಲ್ಲಿ ಬಿದ್ದಿದ್ದವು. ಒಂದೊಂದರಲ್ಲೂ ಮಕ್ಕಳಿಗೆಂದೇ ಬರೆದ ಪೂರ್ತಿ ಕಾದಂಬರಿಗಳು. ನಮ್ಮ ದೀಪಾವಳಿ ವಿಶೇಷಾಂಕಗಳಲ್ಲಿ ಮಕ್ಕಳಿಗೆ ಎಷ್ಟು ಪುಟ ಸಿಗುತ್ತದೆ ಎಂದು ನೆನೆದು ಹೊಟ್ಟೆ ಉರಿಯಿತು.

ಅಲ್ಲಿಂದ ಗಡ್‌ಪಾರ್ ರಸ್ತೆಯ ನೂರನೇ ನಂಬರಿನ ಮನೆಗೆ. ಉಪೇಂದ್ರಕಿಶೋರ್ ರಾಯ್ ಚೌಧುರಿ 1913ರಲ್ಲಿ 'ಸಂದೇಶ್' ಎಂಬ ಮಕ್ಕಳ ಪತ್ರಿಕೆ ಶುರುಮಾಡಿದವರು. ಅವರ ಪ್ರೆಸ್ ಇದ್ದದ್ದು ಆ ಮನೆಯಲ್ಲಿ. ಮೊಮ್ಮಗ ಸತ್ಯಜಿತ್ ರಾಯ್ ಹುಟ್ಟಿದ್ದೂ ಅಲ್ಲೇ, 1921ರಲ್ಲಿ. ನನ್ನನ್ನು ಅಲ್ಲಿಗೆ ಎಳೆದದ್ದು ಒಂದೇ ಸಂಗತಿ. ತಮ್ಮ ಮಕ್ಕಳ ಪುಸ್ತಕದಲ್ಲಿ ಚಿತ್ರಗಳು ಕೆಟ್ಟದಾಗಿ ಅಚ್ಚಾದವೆಂದು ಉಪೇಂದ್ರಕಿಶೋರ್ ಹೊರದೇಶದಿಂದ ಸಲಕರಣೆ ತರಿಸಿ, ಚಿತ್ರವನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಅಚ್ಚಿಗಿಳಿಸುವ ಹಾಫ್‌ಟೋನ್ ಬ್ಲಾಕ್ ಮಾಡುವುದನ್ನು ತಾವೇ ಕಲಿತು, 1895ರಲ್ಲಿ ಸ್ವಂತ ಉದ್ಯಮ ತೆರೆದರು. ನನ್ನ ಮೊದಲ ಪುಸ್ತಕದಲ್ಲಿ ಹುಡುಗಿಯ ಮುಖ ಮಸಿ ಮೆತ್ತಿದ ಹಾಗೆ ಬಂದಿತ್ತು. ಮಕ್ಕಳ ಪುಸ್ತಕಕ್ಕೆ ಇಷ್ಟು ಸಾಕು ಎಂದು ಅಚ್ಚು ಹಾಕಿದವರು ಅಂದಾಗ ನಾನು ಸುಮ್ಮನಿದ್ದೆ. ಆ ಗೇಟಿನ ಮುಂದೆ ನಿಂತಾಗ, ಸುಮ್ಮನಿರಬಾರದಿತ್ತು ಅನ್ನಿಸಿತು. ಈಗ ಆ ಮನೆ ಒಂದು ಶಾಲೆ. ಒಳಗಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು.

ಮುಂದೆ ಹೋಗುವವರಿಗೆ ಇಷ್ಟು: ಪ್ರಬಂಧ ಎರಡು ಪುಟ ಮೀರದಿರಲಿ. ಒಂದು ಕಥೆಯನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಕೊಳ್ಳಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಳ್ಳಿ. ಊಟಕ್ಕೆ ನಿಮ್ಮ ಭಾಷೆಯವರ ಜೊತೆ ಕೂರಬೇಡಿ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಹೊಸ ಕೊನೆಯೊಂದಿಗೆ ಕಥೆ ಓದಿದೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಒಂದನೇ ಕ್ಲಾಸಿನ ಹುಡುಗನೊಬ್ಬ ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ಸ್ಲೇಟು ಹಿಡಿದು ನಿಂತಿದ್ದ. ಏನೋ ಅದು ಎಂದೆ.

"ತೊಳೀತಾ ಇದೆ ಟೀಚರ್" ಎಂದ.